ಕೊಳೆರೋಗವೂ ಗೇಮ್ ಆಗುತ್ತದೆಯೇ?

ಪ್ರಶ್ನೆ: ಬಿಸಿಎ ಕೊನೆಯ ವರ್ಷದಲ್ಲಿದ್ದೇನೆ. ಒಬ್ಬನೇ ಕೂತು ಒಂದು ವಿಡಿಯೋ ಗೇಮ್ ಮಾಡಬೇಕೆಂಬ ಹುಚ್ಚು. ಮೆಟ್ರೋದಲ್ಲಿ ಜಾಂಬಿಗಳು, ವಿಜಯನಗರದ ಯುದ್ಧ ಅಂತ ನೋಟ್‌ಬುಕ್ ತುಂಬ ಐಡಿಯಾಗಳಿವೆ. ನಮ್ಮ ಅಡಿಕೆ ತೋಟದಲ್ಲಿ ಮಳೆಗಾಲಕ್ಕೆ ಕಾಯಿ ಉದುರಿಸುವ ಕೊಳೆರೋಗದ ಮೇಲೂ ಒಂದಿದೆ. ಹೇಳಿದರೆ ಗೆಳೆಯರು ನಗುತ್ತಾರೆ. ಯಾವುದನ್ನು ಹಿಡಿಯಲಿ, ಮೇಡಂ?
- ಓದುಗ, ತೀರ್ಥಹಳ್ಳಿ

ಉತ್ತರ: ಕೊಳೆರೋಗವನ್ನೇ ಹಿಡಿಯಿರಿ. ಊರಿನ ಅಭಿಮಾನಕ್ಕೆ ಹೇಳುತ್ತಿಲ್ಲ. ಆಡುವವರು ಯಾವ ಗಳಿಗೆಯಲ್ಲಿ ಏನು ತೀರ್ಮಾನ ಮಾಡಬೇಕೆಂದು ನಿಮಗೆ ಒಳಗಿನಿಂದ ಗೊತ್ತಿರುವುದು ಅದೊಂದರಲ್ಲೇ. ಜಾಂಬಿ ಬಂದರೆ ಓಡಬೇಕು, ಅಷ್ಟೇ. ಅದೂ ನೀವು ಬೇರೆಯವರ ಗೇಮ್ ಆಡಿ ಕಲಿತದ್ದು.

ನನ್ನ ತವರೂ ಮಲೆನಾಡೇ, ಹಾಗಾಗಿ ಬಲ್ಲೆ. ಮುಂಗಾರು ಹಿಡಿಯುವ ಮೊದಲು ಒಮ್ಮೆ ಕೊಳೆರೋಗದ ಔಷಧಿ ಬೋರ್ಡೋ ದ್ರಾವಣ ಹೊಡೆಸಬೇಕು, 40-45 ದಿನಕ್ಕೆ ಇನ್ನೊಮ್ಮೆ. ಆ ಎರಡನೆಯದು ಬರುವುದೇ ಜಡಿಮಳೆಯಲ್ಲಿ. ಮಳೆ ಬಿಟ್ಟು ಹೊಳವಾಯಿತೆಂದು 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣವನ್ನು 100 ಲೀಟರ್ ನೀರಿನ ಲೆಕ್ಕದಲ್ಲಿ ಕಲಸಿದಿರೋ, ಅವತ್ತೇ ಹೊಡೆದು ಮುಗಿಸಬೇಕು. ಮಧ್ಯಾಹ್ನ ಮಳೆ ಬಂದರೆ? ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಪಕ್ಕದ ತೋಟಕ್ಕೆ ಮಾತು ಕೊಟ್ಟಿದ್ದರೆ? ಕಾದರೆ ಕಾಯಿ ಉದುರುತ್ತದೆ, ಹೊಡೆಸಿದರೆ ದುಡ್ಡು ತೊಳೆದುಹೋಗಬಹುದು. ಇಷ್ಟು ಗಟ್ಟಿಯಾದ ಇಕ್ಕಟ್ಟು ನಿಮ್ಮ ವಿಜಯನಗರದಲ್ಲಿ ಇದೆಯೇ, ನೋಡಿಕೊಳ್ಳಿ.

ನಗುವ ಗೆಳೆಯರಿಗೆ 2013ರ 'ಪೇಪರ್ಸ್, ಪ್ಲೀಸ್' ಆಡಿಸಿ. ಗಡಿಯ ಗೂಡಿನಲ್ಲಿ ಕೂತು ಪಾಸ್‌ಪೋರ್ಟ್ ನೋಡಿ ಮೊಹರು ಒತ್ತುವುದೇ ಆಟ. ದೇಶ ದೇಶ ಸುತ್ತುವಾಗ ಇಮಿಗ್ರೇಷನ್ ಅಧಿಕಾರಿಗಳ ಕೆಲಸ ನೋಡಿ, ಆ ಗೇಮ್ ಮಾಡಿದ ಲೂಕಸ್ ಪೋಪ್‌ಗೆ ಹೊಳೆದದ್ದು. ಬರಿಯ ಗುಮಾಸ್ತಿಕೆ, ಆದರೂ ಕೈ ನಡುಗುತ್ತದೆ.

ಈಗಲೇ ಕೋಡ್ ಬೇಡ. ಹಳೆ ಲಗ್ನಪತ್ರಿಕೆ ಕತ್ತರಿಸಿ ಬಿಸಿಲು, ಮೋಡ, ಮಳೆಯ ಇಸ್ಪೀಟಿನಂಥ ಎಲೆಗಳನ್ನು ಮಾಡಿ. ಆರ್ದ್ರೆ, ಪುನರ್ವಸು, ಪುಷ್ಯ, ಆಶ್ಲೇಷ: ಒಂದೊಂದು ಮಳೆಗೆ ಒಂದೊಂದು ಕಟ್ಟು. ಎಲೆ ತೆಗೆಯುವ ಮೊದಲೇ ಆಡುವವರು ಹೇಳಬೇಕು: ಇವತ್ತು ಹೊಡೆಸುತ್ತೇನೆ, ಇಲ್ಲ ಕಾಯುತ್ತೇನೆ. ನಾಲ್ಕು ಜನ ಆಡಿ 'ಇನ್ನೊಂದು ಆಟ' ಎಂದ ಮೇಲೆ ಗೇಮ್ ಕಟ್ಟುವ ತಂತ್ರಾಂಶ ಗೋಡೋ ತೆರೆಯಿರಿ. ಅದು ಉಚಿತ, ಒಬ್ಬನೇ ಮಾಡುವ 2ಡಿ ಗೇಮ್‌ಗೆ ಧಾರಾಳ ಸಾಕು.

ಒಂದೇ ತೋಟ, ಒಂದೇ ಮಳೆಗಾಲ ಇರಲಿ. ಧಾರಣೆ, ಮಂಡಿ, ಸೊಸೈಟಿ ಸಾಲ ಎಲ್ಲವನ್ನೂ ತುರುಕುವ ಆಸೆ ಬಂದೇ ಬರುತ್ತದೆ, ನೋಟ್‌ಬುಕ್ಕಿನಲ್ಲೇ ಉಳಿಯಲಿ.

ಮೊದಲು ಅಪ್ಪನಿಗೆ ಆಡಿಸಿ. "ಇಂಥ ಮೋಡದಲ್ಲಿ ಯಾರಾದ್ರೂ ಔಷಧಿ ಹೊಡೆಸ್ತಾರೇನೋ?" ಎಂದು ಬೈದರೆ ವಾದ ಮಾಡದೆ ಬರೆದುಕೊಳ್ಳಿ. ಗೇಮ್‌ನ ನಿಯಮಗಳು ಆ ಬೈಗುಳದಲ್ಲೇ ಸಿಗುತ್ತವೆ.