ಹಾಸ್ಟೆಲ್ ಲಿಸ್ಟಿನಲ್ಲಿ ಹೆಸರಿಲ್ಲ, ಈಗೇನು ಮಾಡಲಿ ಸರ್?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ರೂಮಿನದೇ ಗೋಳು. ಕ್ಲಾಸು ಶುರುವಾಗುವ ಹೊತ್ತಲ್ವಾ, ಸಹಜ. ನಾನು ಹನ್ನೊಂದು ವರ್ಷ ವಾರ್ಡನ್ ಆಗಿದ್ದವನು. ಅದಕ್ಕೂ ಮುಂಚೆ ಐದು ವರ್ಷ ಹಾಸ್ಟೆಲ್ ಸಾಂಬಾರನ್ನು ಬೈದುಕೊಂಡೇ ಉಂಡವನು. ಹಾಗಾಗಿ ಎರಡೂ ಕಡೆಯ ಸಂಕಟ ಗೊತ್ತು.

ಪ್ರಶ್ನೆ: ನಾನು ಹಾವೇರಿ ಕಡೆಯವಳು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್‌ನಲ್ಲಿ ಎಂಎ ಸೀಟು ಸಿಕ್ಕಿದೆ. ಹಾಸ್ಟೆಲ್‌ನ ಮೊದಲ ಲಿಸ್ಟಿನಲ್ಲಿ ನನ್ನ ಹೆಸರಿಲ್ಲ. ನಾಗರಭಾವಿಯ ಒಂದು ಪಿಜಿಯವರು ಫೋಟೋ ಕಳಿಸಿದ್ದಾರೆ, ರೂಮು ಚೆನ್ನಾಗಿದೆ. ಇವತ್ತೇ ಅಡ್ವಾನ್ಸ್ ಹಾಕಿ, ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀವಿ ಅಂತಿದ್ದಾರೆ. ಅಪ್ಪ ಹಿಂದೆಮುಂದೆ ನೋಡುತ್ತಿದ್ದಾರೆ. ಹಾಕಬಹುದಾ ಸರ್?

ಹಾಕಬೇಡ ತಂಗಿ. ಅಪ್ಪ ಹಿಂದೆಮುಂದೆ ನೋಡಿದ್ದೇ ಸರಿ. ನಾಗರಭಾವಿ, ಮಲ್ಲತ್ತಹಳ್ಳಿ, ಉಲ್ಲಾಳದ ಕಡೆ ಬೀದಿಗೆ ನಾಲ್ಕು ಪಿಜಿ ಇವೆ. ಒಂದು ಕೈತಪ್ಪಿದರೆ ಆಕಾಶವೇನೂ ಕಳಚಿ ಬೀಳಲ್ಲ.

ಮೊದಲು ಹಾಸ್ಟೆಲ್ ವಿಷಯ. ಮೊದಲ ಲಿಸ್ಟು ಕೊನೆಯ ಲಿಸ್ಟಲ್ಲ. ಎಂಎಗೆ ಸೇರಿ ತಿಂಗಳೊಳಗೆ ಬಿ.ಎಡ್ ಸೀಟು ಸಿಕ್ತು, ಕೆಲಸ ಸಿಕ್ತು, ಮದುವೆ ಗೊತ್ತಾಯ್ತು ಅಂತ ಬಿಟ್ಟುಹೋಗುವವರು ಪ್ರತಿ ವರ್ಷ ಇರುತ್ತಾರೆ. ಆ ಕಾಟುಗಳು ಖಾಲಿಯಾಗುತ್ತವೆ. ಅದು ಯಾರಿಗೆ ಸಿಗುತ್ತೆ ಗೊತ್ತಾ? ಕಾಯುವ ಪಟ್ಟಿಯಲ್ಲಿ ಹೆಸರಿದ್ದು, ವಾರಕ್ಕೊಮ್ಮೆ ಹಾಸ್ಟೆಲ್ ಆಫೀಸಿಗೆ ಬಂದು ಮುಖ ತೋರಿಸಿ ಹೋಗುವವರಿಗೆ. ಫೋನಲ್ಲಿ ಕೇಳಿದರೆ ಆಗಲ್ಲ, ಖುದ್ದಾಗಿ ಹೋಗು.

ಕ್ಯಾಂಪಸ್ ಹಾಸ್ಟೆಲ್ ಒಂದೇ ದಾರಿಯೂ ಅಲ್ಲ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆಯವರ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳು ಬೆಂಗಳೂರಿನಲ್ಲಿ ಹಲವು ಕಡೆ ಇವೆ, ಅರ್ಜಿ ಆನ್‌ಲೈನ್‌ನಲ್ಲೇ ಹಾಕಬೇಕು. ಹಿಂದುಳಿದ ವರ್ಗದವಳಾಗಿದ್ದು ಅಲ್ಲೂ ಸೀಟು ಸಿಗದಿದ್ದರೆ ವಿದ್ಯಾಸಿರಿಗೆ ಅರ್ಜಿ ಹಾಕು. ಊಟ, ವಸತಿಗೆ ಅಂತ ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ದುಡ್ಡು ಕೊಡುತ್ತಾರೆ. ಬೆಂಗಳೂರಿನ ಬಾಡಿಗೆಗೆ ಅದು ಸಾಲಲ್ಲ, ನಿಜ. ಹಾಗಂತ ಬರುವ ದುಡ್ಡು ಯಾಕೆ ಬಿಡಬೇಕು? ಜಾತಿ, ಆದಾಯ ಪ್ರಮಾಣಪತ್ರ ಊರಲ್ಲಿರುವಾಗಲೇ ಮಾಡಿಸಿಕೊಂಡು ಬಾ. ಇಲ್ಲಿಗೆ ಬಂದ ಮೇಲೆ ಅದಕ್ಕಾಗಿ ಮತ್ತೆ ಹಾವೇರಿಗೆ ಓಡಬೇಕಾಗುತ್ತೆ.

ಈಗ ಪಿಜಿ. ಹಗಲು ಹನ್ನೊಂದು ಗಂಟೆಗೆ ಹೋಗಿ ನೋಡಿದರೆ ಎಲ್ಲ ಪಿಜಿಯೂ ಚೆಂದವೇ. ಹುಡುಗಿಯರೆಲ್ಲ ಕ್ಲಾಸಿಗೋ ಆಫೀಸಿಗೋ ಹೋಗಿರುತ್ತಾರೆ, ನೆಲ ಆಗತಾನೆ ಒರೆಸಿರುತ್ತೆ, ಊದಿನಕಡ್ಡಿ ವಾಸನೆ ಬೇರೆ. ನೀನು ಅಪ್ಪನ ಜೊತೆ ರಾತ್ರಿ ಎಂಟೂವರೆಗೆ ಹೋಗು. ಊಟದ ಹೊತ್ತು. ಸಾಂಬಾರಿನ ಪಾತ್ರೆಗೆ ಸೌಟು ಹಾಕಿ ಒಂದು ಸುತ್ತು ತಿರುಗಿಸಿ ನೋಡು. ತಳದಿಂದ ಏನಾದರೂ ಎದ್ದು ಬರುತ್ತಾ, ಇಲ್ಲ ಒಂದು ನುಗ್ಗೆಕಾಯಿ ತುಂಡು ಮಾತ್ರ ಅನಾಥವಾಗಿ ತಿರುಗ್ತಾ ಇರುತ್ತಾ? ಬಾತ್‌ರೂಮಿನ ನಲ್ಲಿ ತಿರುಗಿಸಿ ನೀರು ಬರುತ್ತಾ ನೋಡು. ಬಾಗಿಲ ಮುಂದೆ ಎಷ್ಟು ಬಕೆಟ್ ಸಾಲಾಗಿ ಇವೆ ಎಣಿಸು. ಬೆಳಿಗ್ಗೆ ಅದೇ ಕ್ಯೂ. ಊಟಕ್ಕೆ ಕೂತಿರುವ ಒಬ್ಬ ಹುಡುಗಿಯನ್ನು ಓನರ್ ಕಿವಿಗೆ ಬೀಳದ ಹಾಗೆ ಒಂದೇ ಮಾತು ಕೇಳು: ಇಲ್ಲಿಂದ ಬಿಟ್ಟು ಹೋದವರಿಗೆ ಅಡ್ವಾನ್ಸ್ ವಾಪಸ್ ಬಂತಾ? ಬಾಯಲ್ಲಿ ಏನೂ ಹೇಳದಿದ್ದರೂ ಅವಳ ಮುಖ ಹೇಳುತ್ತೆ.

ನನ್ನ ತಂಗಿಯ ಮಗಳು ಹೀಗೆ ಕೇಳದೇ ಸೇರಿ ಕೆಟ್ಟಳು. ಹತ್ತು ಸಾವಿರ ಅಡ್ವಾನ್ಸ್. ನಾಲ್ಕೇ ತಿಂಗಳಿಗೆ ಬಿಟ್ಟಳು. ಮೇಂಟೆನೆನ್ಸ್ ಅಂತ ಒಂದಿಷ್ಟು ಮುರಿದುಕೊಂಡರು, ನೋಟಿಸ್ ಕೊಟ್ಟಿದ್ದು ಮೂರು ದಿನ ತಡವಾಯ್ತು ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು, ಕೊನೆಗೆ ಬೀರುವಿನ ಬೀಗದ ಕೈ ಕಳೆದಿದ್ದಕ್ಕೆ ಐನೂರು. ಕೈಗೆ ಬಂದಿದ್ದು ಆಟೋ ಚಾರ್ಜಿಗೆ ಆಯ್ತು. ಆದ್ದರಿಂದ ಎಷ್ಟು ಮುರಿದುಕೊಳ್ಳುತ್ತಾರೆ, ನೋಟಿಸ್ ಎಷ್ಟು ದಿನದ್ದು, ಎರಡನ್ನೂ ರಸೀದಿಯ ಹಿಂದೆ ಬರೆಸಿ ಸಹಿ ಹಾಕಿಸಿಕೋ. ಬರೆದುಕೊಡಲ್ಲ ಅಂದರೆ ಮುಂದಿನ ಗೇಟಿಗೆ ನಡಿ.

2024ರ ಆಗಸ್ಟ್‌ನಲ್ಲಿ ಆಗಿನ ಬಿಬಿಎಂಪಿ ಪಿಜಿಗಳಿಗೆ ನಿಯಮ ಮಾಡಿತ್ತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಇತ್ಯಾದಿ. ತ್ರೀ ಶೇರಿಂಗ್ ಅಂತ ತೋರಿಸುವ ಎಷ್ಟೋ ರೂಮಿನಲ್ಲಿ ಮೂರು ಕಾಟು ಹಾಕಿದ ಮೇಲೆ ಚಪ್ಪಲಿ ಬಿಡಲೂ ಜಾಗ ಇರಲ್ಲ. ಹತ್ತು ಅಡಿಗೆ ಹತ್ತು ಅಡಿ ರೂಮು ಅಂದರೆ 100 ಚದರ ಅಡಿ, ಲೆಕ್ಕ ನೀನೇ ಹಾಕು.

ಜಾಗ ಆರಿಸುವಾಗ ಇನ್ನೊಂದು. ಜ್ಞಾನಭಾರತಿ ಕ್ಯಾಂಪಸ್ ಸಾವಿರ ಎಕರೆಗೂ ಜಾಸ್ತಿ. ಮ್ಯಾಪಿನಲ್ಲಿ ಕ್ಯಾಂಪಸ್ ಪಕ್ಕ ಅಂತ ಕಂಡಿದ್ದು ನಿನ್ನ ಡಿಪಾರ್ಟ್‌ಮೆಂಟಿಗೆ ದೂರ ಇರಬಹುದು. ನೇರಳೆ ಮಾರ್ಗದ ಮೆಟ್ರೋದಲ್ಲಿ ಜ್ಞಾನಭಾರತಿ ಅಂತ ಸ್ಟೇಷನ್ನೇ ಇದೆ, ಆದರೆ ಅದು ಮೈಸೂರು ರಸ್ತೆಯಲ್ಲಿದೆ. ಇಳಿದ ಮೇಲೆ ಒಳಗೆ ಹೋಗೋಕೆ ಬಸ್ಸೋ ಕಾಲೋ ಬೇಕು. ಒಳಗಿನ ರಸ್ತೆಯಲ್ಲಿ ಹಗಲು ಮರದ ನೆರಳಲ್ಲಿ ನಡೆಯುವುದೇ ಒಂದು ಸುಖ. ಕತ್ತಲಾದ ಮೇಲೆ ಅಲ್ಲಿ ಒಬ್ಬಳೇ ಬೇಡ. ಸಾಮಾನ್ಯ ಬಿಎಂಟಿಸಿ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ನಿನಗೆ ಟಿಕೆಟ್ ದುಡ್ಡಿಲ್ಲ, ಅದಕ್ಕೇ ಬಸ್ ಸ್ಟಾಪಿಗೆ ಹತ್ತಿರ ಇರುವ ಪಿಜಿ ಇನ್ನೂರು ರೂಪಾಯಿ ಜಾಸ್ತಿ ಆದರೂ ಪರವಾಗಿಲ್ಲ.

ಪ್ರಶ್ನೆ: ನನ್ನ ರೂಮ್‌ಮೇಟ್ ರಾತ್ರಿ ಎರಡು ಗಂಟೆ ತನಕ ಫೋನಲ್ಲಿ ಪಿಸುಪಿಸು ಮಾತಾಡ್ತಾನೆ. ನಿದ್ದೆ ಇಲ್ಲ. ಹೇಳಿದರೆ ಬೇಜಾರು ಮಾಡ್ಕೋತಾನೆ ಅಂತ ಸುಮ್ನಿದ್ದೀನಿ.

ಎಷ್ಟು ತಿಂಗಳಿಂದ ಸುಮ್ನಿದ್ದೀಯ ಅಂತ ಬರೆದಿಲ್ಲ. ಒಂದು ಸೆಮಿಸ್ಟರ್ ಆಯ್ತಾ ಮಾರಾಯ? ಅವನು ಬೇಜಾರು ಮಾಡಿಕೊಂಡರೆ ಎರಡು ದಿನ. ನೀನು ಹೇಳದೇ ಒಳಗೊಳಗೇ ಕುದ್ದರೆ ಒಂದು ದಿನ ಅವನ ಚಾರ್ಜರ್ ವಿಷಯಕ್ಕೆ ದೊಡ್ಡ ಜಗಳ ಆಗುತ್ತೆ, ನೋಡುವವರಿಗೆ ನೀನೇ ಜಗಳಗಂಟ. ರಾತ್ರಿ ಅವನು ಮಾತಾಡುವಾಗ ಹೇಳಬೇಡ. ಮಾರನೇ ದಿನ ಸಂಜೆ ಟೀ ಕುಡಿಯುವಾಗ ಹೇಳು. ಹನ್ನೊಂದರ ಮೇಲೆ ಫೋನು ಟೆರೇಸಿಗೆ, ಬೆಳಿಗ್ಗೆ ಐದಕ್ಕೆ ಹೊಡೆದುಕೊಳ್ಳುವ ನಿನ್ನ ಅಲಾರಂ ಬಂದ್. ಹ್ಞಾ, ಅವನಿಗೂ ನಿನ್ನ ಮೇಲೆ ಏನೋ ದೂರು ಇದ್ದೇ ಇರುತ್ತೆ, ಕೇಳಿಸಿಕೋ.

ಪ್ರಶ್ನೆ: ಎನ್‌ಎಸ್‌ಎಸ್‌ಗೆ ಸೇರಬೇಕು, ನಾಟಕವೂ ಮಾಡಬೇಕು ಅಂತ ಆಸೆ. ಅಮ್ಮ "ಓದೋಕೆ ಕಳಿಸಿದ್ದು, ಕುಣಿಯೋಕಲ್ಲ" ಅಂತಾರೆ. ಏನು ಹೇಳಲಿ?

ಅಮ್ಮನಿಗೆ ಲೆಕ್ಕ ಹೇಳು, ಭಾಷಣ ಬೇಡ. ಎನ್‌ಎಸ್‌ಎಸ್ ಅಂದರೆ ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ ಏಳು ದಿನದ ಒಂದು ಶಿಬಿರ. ವರ್ಷಕ್ಕೆ 120 ಗಂಟೆ ಅಂದರೆ ದಿನಕ್ಕೆ ಇಪ್ಪತ್ತು ನಿಮಿಷವೂ ಆಗಲಿಲ್ಲ, ರೀಲ್ಸ್ ನೋಡುವುದಕ್ಕೇ ಅದರ ಆರು ಪಟ್ಟು ಹೋಗುತ್ತೆ. ಶಿಬಿರದಲ್ಲಿ ಬೆಳಿಗ್ಗೆ ಎದ್ದು ಐವತ್ತು ಜನಕ್ಕೆ ಉಪ್ಪಿಟ್ಟು ಮಾಡಿ ಬಡಿಸಿದ ಹುಡುಗ ಊರಿಗೆ ಬಂದು ತಟ್ಟೆ ತಾನೇ ತೊಳೆದಿಟ್ಟರೆ ಅಮ್ಮನೇ ಪಕ್ಕದ ಮನೆಗೆ ಹೋಗಿ ಹೇಳುತ್ತಾರೆ, ನೋಡ್ತಾ ಇರು. ಸೈನ್ಯದ ಕಡೆ ಮನಸ್ಸಿದ್ದರೆ ಎನ್‌ಸಿಸಿ ನೋಡು. 'ಸಿ' ಸರ್ಟಿಫಿಕೇಟ್ ಒಳ್ಳೆ ಗ್ರೇಡಿನಲ್ಲಿ ಇದ್ದವರಿಗೆ ಲಿಖಿತ ಪರೀಕ್ಷೆ ಇಲ್ಲದೆ ನೇರ ಸೈನ್ಯದ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನಕ್ಕೆ ಹೋಗುವ ದಾರಿ ಇದೆ.

ನಾಟಕಕ್ಕೆ ಬಂದರೆ ಮಲ್ಲತ್ತಹಳ್ಳಿಯ ಕಲಾಗ್ರಾಮ ಜ್ಞಾನಭಾರತಿಗೆ ಅಂಟಿಕೊಂಡೇ ಇದೆ. ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರವೂ ಅಲ್ಲೇ. ಮೊದಲು ಹೋಗಿ ನಾಲ್ಕು ನಾಟಕ ನೋಡು. ರಂಗಶಂಕರ ರಂಗಮಂದಿರಕ್ಕೆ ಹೋಗುವುದಾದರೆ ಐದು ನಿಮಿಷ ತಡ ಆದರೂ ಒಳಗೆ ಬಿಡಲ್ಲ, ಟ್ರಾಫಿಕ್ ಕಥೆ ಅಲ್ಲಿ ನಡೆಯಲ್ಲ. ನೋಡಿ ಆದ ಮೇಲೂ ಆಸೆ ಉಳಿದಿದ್ದರೆ ತಂಡ ಸೇರು. ಎಷ್ಟೋ ಜನರ ಆಸೆ ಎರಡನೇ ನಾಟಕಕ್ಕೇ ಆರಿಹೋಗುತ್ತೆ, ಅದೂ ಒಳ್ಳೇದೇ.

ಎಚ್. ನರಸಿಂಹಯ್ಯನವರ ಹೆಸರು ಕೇಳಿರಬೇಕು. ಗೌರಿಬಿದನೂರಿನಿಂದ ಓದಲು ಬೆಂಗಳೂರಿಗೆ ನಡೆದೇ ಬಂದವರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರು. ಅವರು ಬದುಕಿನ ಬಹುಪಾಲು ಕಳೆದಿದ್ದು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮಿನಲ್ಲಿ. ಅವರೇ 1962ರಲ್ಲಿ ಶುರು ಮಾಡಿದ ಬೆಂಗಳೂರು ವಿಜ್ಞಾನ ವೇದಿಕೆಯ ಉಪನ್ಯಾಸಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಅಮ್ಮನಿಗೆ ನಾಟಕದ ಜೊತೆಗೆ ಇದನ್ನೂ ಸೇರಿಸಿ ಹೇಳು, ಸ್ವಲ್ಪ ಸಮಾಧಾನ ಆಗುತ್ತೆ.

ಪ್ರಶ್ನೆ: ಮಗನನ್ನು ಮೊದಲ ಸಲ ಹಾಸ್ಟೆಲ್‌ಗೆ ಬಿಡುತ್ತಿದ್ದೇವೆ. ರ‍್ಯಾಗಿಂಗ್ ಭಯ. ದಿನಾ ಫೋನ್ ಮಾಡಿ ಕೇಳಬೇಕಾ? (ಕೋಲಾರದ ಒಬ್ಬ ತಂದೆ)

ಫೋನ್ ಮಾಡಿ, ಆದರೆ "ಯಾರಾದ್ರೂ ತೊಂದರೆ ಕೊಟ್ರಾ" ಅಂತ ದಿನಾ ಕೇಳಬೇಡಿ. ಹುಡುಗರು ಇಲ್ಲ ಅಂತಲೇ ಹೇಳುತ್ತಾರೆ. ಊಟ ಯಾರ ಜೊತೆ ಮಾಡಿದೆ ಅಂತ ಕೇಳಿ. ವಾರಗಟ್ಟಲೆ ಒಬ್ಬನೇ ಅಂತ ಬಂದರೆ, ಇಲ್ಲಾ ಫೋನ್ ಪದೇ ಪದೇ ಕಟ್ ಮಾಡಿದರೆ, ಬಸ್ ಹತ್ತಿ ಬಂದುಬಿಡಿ ಸರ್. ಯುಜಿಸಿಯ ಸಹಾಯವಾಣಿ 1800-180-5522, ಹಗಲು ರಾತ್ರಿ ಇರುತ್ತೆ. ನಂಬರ್ ಅವನ ಫೋನಲ್ಲೂ ಇರಲಿ, ನಿಮ್ಮ ಫೋನಲ್ಲೂ ಇರಲಿ. ಸೀನಿಯರ್ ಹಾಡು ಹೇಳಿಸಿದ್ದನ್ನು ತಮಾಷೆ ಅಂತ ವಾದ ಮಾಡುವ ವಾರ್ಡನ್‌ಗಳನ್ನು ನಾನು ನೋಡಿದ್ದೇನೆ, ಒಂದು ಕಾಲದಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಹೊಸ ಹುಡುಗ ನಗದೇ ಇದ್ದರೆ ಅದು ತಮಾಷೆ ಅಲ್ಲ.

ಪ್ರಶ್ನೆ: ಮೆಸ್ ಅನ್ನ ಸೇರದೆ ರೂಮಲ್ಲೇ ಇಂಡಕ್ಷನ್ ಸ್ಟೌ ಇಟ್ಟು ಚಿತ್ರಾನ್ನ ಮಾಡ್ಕೊಂಡ್ವಿ. ವಾರ್ಡನ್ ಸ್ಟೌ ಕಿತ್ಕೊಂಡು ಹೋದ್ರು. ಇದು ನ್ಯಾಯಾನಾ?

ನ್ಯಾಯವೇ. ಸ್ಟೌ 2,000 ವ್ಯಾಟಿನದು ಆದರೆ ಹೆಚ್ಚುಕಮ್ಮಿ ಒಂಬತ್ತು ಆಂಪಿಯರ್ ಎಳೆಯುತ್ತೆ. ರೂಮಿನ ಮಾಮೂಲಿ ಸಾಕೆಟ್ಟು ಆರು ಆಂಪಿಯರಿನದು. ನೀವು ಒಗ್ಗರಣೆ ಹಾಕುವಾಗ ವೈರು ಒಳಗೇ ಬೇಯುತ್ತಾ ಇರುತ್ತೆ. ಅನ್ನದ ದೂರು ಇದ್ದರೆ ಮೆಸ್ ಕಮಿಟಿಗೆ ನಿಂತುಕೋ, ತಿಂಗಳ ಮೆನು ಬರೆಯುವವರು ಅವರೇ. ಮತ್ತೆ, ಸ್ಟೌ ಹೋಯ್ತು ಅಂತ ಅಳಬೇಡ. ನಮ್ಮ ಹಾಸ್ಟೆಲ್‌ನಲ್ಲಿ ಹೀಗೆ ಕಿತ್ತುಕೊಂಡ ನೀರು ಕಾಯಿಸುವ ಕಾಯಿಲ್‌ಗಳೇ ಒಂದು ಟ್ರಂಕ್ ತುಂಬ ಇದ್ದವು. ಒಂದೊಂದಕ್ಕೂ ರೂಮ್ ನಂಬರಿನ ಚೀಟಿ ಕಟ್ಟಿ ಇಡುತ್ತಿದ್ದೆ, ವರ್ಷದ ಕೊನೆಗೆ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೊರಟಾಗ ವಾಪಸ್. ನಿನ್ನ ಸ್ಟೌಗೂ ಚೀಟಿ ಕಟ್ಟಿದ್ದಾರಾ ಅಂತ ಮೆಲ್ಲಗೆ ಕೇಳಿ ನೋಡು.