ಸಂಪಾದಕರ ಉತ್ತರ: ಲೆಕ್ಕವೇ ಇಲ್ಲದ ಗಣಿತ ಯಾಕೆ?

"ಶಾಲೆಯಲ್ಲಿ ಗಣಿತ ನನಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಪದವಿಗೆ ಬಂದ ಮೇಲೆ ಲೆಕ್ಕವೇ ಇಲ್ಲ, ಬರೀ ವ್ಯಾಖ್ಯೆ, ಪ್ರಮೇಯ, ಸಾಧನೆ (ಪ್ರಮೇಯ ನಿಜವೆಂದು ತೋರಿಸುವ ತರ್ಕ). 'ತರ್ಕಶಕ್ತಿ ಬೆಳೆಯುತ್ತದೆ' ಎನ್ನುತ್ತಾರೆ. ಹಾಗೆಂದರೆ ಏನು? ವಿಷಯ ಬದಲಿಸಿಬಿಡಲೇ?"
(ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬರ ಪತ್ರದಿಂದ)

ನಿಮ್ಮ ಪ್ರಶ್ನೆ ನ್ಯಾಯವಾದದ್ದು. ತರ್ಕಶಕ್ತಿ ಎಂಬ ಮಾತನ್ನು ಎಲ್ಲರೂ ಆಡುತ್ತಾರೆ, ಬಿಡಿಸಿ ಹೇಳುವವರು ಕಡಿಮೆ. ನಾನು ತಿಳಿದ ಮಟ್ಟಿಗೆ, ನಾವು ನಂಬಿರುವುದು ಯಾವುದು, ಸಾಧಿಸಿ ತೋರಿಸಿರುವುದು ಯಾವುದು ಎಂದು ಬೇರೆ ಮಾಡಿ ನೋಡುವ ಅಭ್ಯಾಸವೇ ಅದು.

ಒಂದು ಸಂಖ್ಯೆಯನ್ನು ಅದರ ಮುಂದಿನ ಸಂಖ್ಯೆಯಿಂದ ಗುಣಿಸಿ 41 ಕೂಡಿಸಿ. 1ರಿಂದ ಶುರು ಮಾಡಿದರೆ 43, 47, 53, 61 ಬರುತ್ತವೆ. ಎಲ್ಲವೂ ಅವಿಭಾಜ್ಯ. ಗಣಿತಜ್ಞ ಆಯ್ಲರ್ ಗಮನಿಸಿದ್ದ ಈ ಸರಣಿ 39ರವರೆಗೂ ತಪ್ಪುವುದಿಲ್ಲ. ಅಷ್ಟು ಹೊತ್ತಿಗೆ ಯಾರಿಗಾದರೂ ನಂಬಿಕೆ ಕುದುರಿರುತ್ತದೆ. 40ಕ್ಕೆ ಬಂದಾಗ ಸಿಗುವುದು 1681, ಅಂದರೆ 41ರ ವರ್ಗ. ಇನ್ನೂ ಸೊಗಸಾದ ಸಂಗತಿಯೆಂದರೆ, ಇದನ್ನು ಕಾಣಲು 39 ಲೆಕ್ಕ ಮಾಡಬೇಕಾಗಿಯೇ ಇರಲಿಲ್ಲ. 40 ಸಲ 41ಕ್ಕೆ ಇನ್ನೊಂದು 41 ಸೇರಿದರೆ 41 ಸಲ 41 ಆಗಲೇಬೇಕಲ್ಲವೇ? ಎಷ್ಟು ಉದಾಹರಣೆಗಳು ಒಪ್ಪಿದವು ಎಂದು ಎಣಿಸುವುದನ್ನು ಬಿಟ್ಟು, ಇದು ಎಲ್ಲಿ ಮುರಿಯಬಹುದು ಎಂದು ಹುಡುಕಲು ನಿಮ್ಮ ತರಗತಿ ಕಲಿಸುತ್ತಿದೆ.

ಎರಡನೆಯದು, ಮಾತಿನ ಕ್ರಮದ ಎಚ್ಚರ. "ಪ್ರತಿ ಸಂಖ್ಯೆಗೂ ಅದಕ್ಕಿಂತ ದೊಡ್ಡದೊಂದಿದೆ" ಎನ್ನುವುದು ನಿಜ. "ಎಲ್ಲ ಸಂಖ್ಯೆಗಳಿಗಿಂತಲೂ ದೊಡ್ಡದೊಂದಿದೆ" ಎನ್ನುವುದು ಸುಳ್ಳು. ಇಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ, ಎಲ್ಲ ಕಡೆಯೂ ಹೀಗಿರುವುದಿಲ್ಲ. ಅವಿಚ್ಛಿನ್ನ ಫಲನಗಳ (ಎಲ್ಲೂ ದಿಢೀರನೆ ಜಿಗಿಯದ ಫಲನಗಳ) ಅನಂತ ಶ್ರೇಣಿಯ ಮೊತ್ತವೂ ಅವಿಚ್ಛಿನ್ನವೇ ಎಂದು 1821ರಲ್ಲಿ ಗಣಿತಜ್ಞ ಕೋಶಿ ಬರೆದರು. ಅದಕ್ಕೆ ಅಪವಾದವಿದೆಯೆಂದು 1826ರಲ್ಲಿ ಇನ್ನೊಬ್ಬ ಗಣಿತಜ್ಞ ಆಬೆಲ್ ತೋರಿಸಿದರು. ಶ್ರೇಣಿಯನ್ನು ಕೂಡುತ್ತಾ ಮೊತ್ತಕ್ಕೆ ಬೇಕಾದಷ್ಟು ಹತ್ತಿರ ಬರಲು ಪ್ರತಿ ಬಿಂದುವಿಗೂ ಬೇರೆ ಬೇರೆ ಹಂತ ಇದ್ದರೆ ಸಾಕೇ, ಎಲ್ಲ ಬಿಂದುಗಳಿಗೂ ಹೊಂದುವ ಒಂದೇ ಹಂತ ಬೇಕೇ ಎಂಬುದು ಸ್ಪಷ್ಟವಾಗಿ ತಿಳಿಯಲು ಗಣಿತಜ್ಞರಿಗೆ ದಶಕಗಳೇ ಹಿಡಿದವು. ನಿಮಗೆ ತಲೆನೋವಾಗಿರುವ ವ್ಯಾಖ್ಯೆಗಳಲ್ಲೊಂದಾದ ಎಪ್ಸಿಲಾನ್-ಡೆಲ್ಟಾ ('ಹತ್ತಿರ' ಎಂದರೆ ಎಷ್ಟು ಹತ್ತಿರ ಎಂದು ನಿಖರವಾಗಿ ಹೇಳುವ ಕ್ರಮ) ಹುಟ್ಟಿದ್ದು ಇಂಥ ಗೊಂದಲಗಳನ್ನು ಬಿಡಿಸುವುದಕ್ಕಾಗಿ. ಕೋಶಿಯಂಥವರೂ ಎಡವಿದ ಜಾಗದಲ್ಲಿ ನೀವು ಕಷ್ಟಪಡುತ್ತಿದ್ದೀರಿ. ಅದನ್ನು ದಡ್ಡತನವೆಂದು ದಯವಿಟ್ಟು ಎಣಿಸಬೇಡಿ.

ಮೂರನೆಯದು ತಾಳ್ಮೆ, ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಶತಮಾನಗಳಿಂದ ಯಾರೂ ಸಾಧಿಸಲಾಗದಿದ್ದ ಫರ್ಮಾನ ಕೊನೆಯ ಪ್ರಮೇಯವನ್ನು ಸಾಧಿಸಿದ್ದೇನೆಂದು ಗಣಿತಜ್ಞ ಆಂಡ್ರ್ಯೂ ವೈಲ್ಸ್ 1993ರಲ್ಲಿ ಪ್ರಕಟಿಸಿದ ಮೇಲೆ ಅದರಲ್ಲೊಂದು ಬಿರುಕು ಕಂಡಿತು. ಅವರು ರಿಚರ್ಡ್ ಟೇಲರ್ ಜೊತೆಗೂಡಿ 1994ರಲ್ಲಿ ಅದನ್ನು ಸರಿಪಡಿಸಿದರು. ಬಿರುಕಿದೆ ಎಂದಾಗ ಹೆಸರು ನೋಡಿ ಯಾರೂ ವಿನಾಯಿತಿ ಕೊಡಲಿಲ್ಲ, ಅವರೂ ಕೇಳಲಿಲ್ಲ.

ಆದರೆ ಒಂದು ಮಾತನ್ನು ಮುಚ್ಚಿಡಲಾರೆ. ಗಣಿತ ಓದಿದವರೆಲ್ಲ ಬದುಕಿನ ಎಲ್ಲ ವಿಷಯಗಳಲ್ಲೂ ಸ್ಪಷ್ಟವಾಗಿ ಯೋಚಿಸುತ್ತಾರೆ ಎಂಬುದು ಸರಿಯಲ್ಲ. ಒಂದು ವಿಷಯದಲ್ಲಿ ಪಡೆದ ತರಬೇತಿ ಇನ್ನೊಂದಕ್ಕೆ ತಾನಾಗಿ ಹರಿದುಬರುತ್ತದೆಯೇ ಎಂಬ ಸಂಶಯವನ್ನು ಮನಃಶಾಸ್ತ್ರಜ್ಞರಾದ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ 1901ರಲ್ಲೇ ಪ್ರಯೋಗಗಳ ಆಧಾರದ ಮೇಲೆ ಎತ್ತಿದ್ದರು. ಸಾಧನೆಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಬಂದರೆ ಅಂಕ ಬರುತ್ತದೆ, ಅಷ್ಟೇ.

ವಿಷಯ ಬದಲಿಸುವ ಮೊದಲು ಈ ಸೆಮಿಸ್ಟರ್ ಮುಗಿಯುವವರೆಗೆ ಒಂದು ಕೆಲಸ ಮಾಡಿ ನೋಡಿ. ಕಲಿತ ಪ್ರತಿ ಪ್ರಮೇಯದಿಂದಲೂ ಒಂದು ಷರತ್ತನ್ನು ತೆಗೆದುಹಾಕಿ. ಸಾಧನೆಯ ಯಾವ ಸಾಲು ಕುಸಿಯಿತು ಎಂದು ಗುರುತಿಸಿ, ಆಮೇಲೆ ಪ್ರತ್ಯುದಾಹರಣೆಯೊಂದನ್ನು, ಅಂದರೆ ಆ ಷರತ್ತಿಲ್ಲದೆ ಪ್ರಮೇಯ ಸುಳ್ಳಾಗುವ ಉದಾಹರಣೆಯನ್ನು, ನೀವೇ ಕಟ್ಟಿ. ಇದರಲ್ಲಿ ಹೊತ್ತು ಹೋದದ್ದೇ ತಿಳಿಯದಿದ್ದರೆ ಗಣಿತದಲ್ಲೇ ಇರಿ. ಹಲವು ವಾರಗಳ ನಂತರವೂ ಬರೀ ಬೇಸರವೇ ಆದರೆ ಸಂಕೋಚವಿಲ್ಲದೆ ಬದಲಿಸಿ. ಏನಾಯಿತೆಂದು ನನಗೆ ಬರೆಯಿರಿ, ಕಟ್ಟಿದ ಪ್ರತ್ಯುದಾಹರಣೆಗಳನ್ನೂ ಕಳಿಸಿ.