ಸೋಲುತ್ತಲೇ ಇರುವ ಬೇಸ್‌ಬಾಲ್ ತಂಡವನ್ನು ಮತ್ತೆ ಕಟ್ಟುವುದು ಹೇಗೆ? ಹಳಬರನ್ನೆಲ್ಲ ಒಮ್ಮೆಗೇ ಕೈಬಿಡಬೇಕೇ?

ಬೇಡ. ನಮ್ಮ ತುಮಕೂರು, ತಿಪಟೂರು ಕಡೆ ಹಳೆಯ ತೆಂಗಿನ ತೋಟದ ಸಾಲುಗಳ ನಡುವೆ ಸಸಿ ನೆಟ್ಟು, ಅವು ಬೆಳೆದಂತೆಲ್ಲ ಮುದಿ ಮರಗಳನ್ನು ತೆಗೆಯುತ್ತಾರೆ. ತಂಡವನ್ನೂ ಹಾಗೆಯೇ ಕಟ್ಟಬೇಕು.

ಮೊದಲು ಒಪ್ಪಂದಗಳನ್ನು ನೋಡಿ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಆಟಗಾರ ಆರು ವರ್ಷಗಳ ಸೇವೆ ಮುಗಿಸುವವರೆಗೆ ಸಾಮಾನ್ಯವಾಗಿ ತಂಡದ ಹಿಡಿತದಲ್ಲಿರುತ್ತಾನೆ, ಆಮೇಲೆ ಸ್ವತಂತ್ರ. ಗೆಲ್ಲುವ ತಂಡ ಸಿದ್ಧವಾಗಲು ಇನ್ನೂ ನಾಲ್ಕು ವರ್ಷ ಬೇಕೆಂದಾದರೆ, ಮುಂದಿನ ವರ್ಷ ಒಪ್ಪಂದ ಮುಗಿಯುವ ಮೂವತ್ತೆರಡರ ಪಿಚರ್‌ನನ್ನು (ಚೆಂಡೆಸೆಯುವವನನ್ನು) ಇಟ್ಟುಕೊಂಡು ಫಲವಿಲ್ಲ. ಅಲ್ಲಿನ ಬೇಸಿಗೆಯಲ್ಲಿ ಆಟಗಾರರ ವಿನಿಮಯಕ್ಕಿರುವ ಗಡುವಿನೊಳಗೆ ಅವನನ್ನು ಪ್ರಶಸ್ತಿಗೆ ಹೋರಾಡುತ್ತಿರುವ ತಂಡಕ್ಕೆ ಕೊಟ್ಟು, ಇಪ್ಪತ್ತರ ಆಸುಪಾಸಿನ ಹುಡುಗರನ್ನು ಪಡೆಯಿರಿ.

ಆ ಲೀಗ್‌ನ ಹ್ಯೂಸ್ಟನ್ ಆಸ್ಟ್ರೋಸ್ ತಂಡ 2011ರಿಂದ 2013ರವರೆಗೆ ಪ್ರತಿ ವರ್ಷ ನೂರಕ್ಕೂ ಹೆಚ್ಚು ಪಂದ್ಯಗಳನ್ನು ಸೋತಿತು, 2013ರಲ್ಲಂತೂ 111. 2017ರಲ್ಲಿ ಲೀಗ್‌ನ ಅಂತಿಮ ಸರಣಿ ವರ್ಲ್ಡ್ ಸೀರೀಸ್ ಗೆದ್ದಾಗ, 2012ರ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ) ಮೊದಲ ಆಯ್ಕೆ ಕಾರ್ಲೋಸ್ ಕೊರಿಯಾ ತಂಡದಲ್ಲಿದ್ದರು. ಸೋಲಿನ ವರ್ಷಗಳಲ್ಲೂ ಉಳಿಸಿಕೊಂಡಿದ್ದ ಹೊಸೆ ಆಲ್ಟುವೆ ಕೂಡ ಇದ್ದರು, ಅದನ್ನು ಜನ ಮರೆಯುತ್ತಾರೆ. ಮುಂದಿನ ಎಸೆತ ಯಾವುದೆಂದು ತಿಳಿಯಲು ಎದುರಾಳಿಗಳ ಸಂಕೇತ ಕದ್ದ ಕಳಂಕ ಆ ಗೆಲುವಿಗಿದೆ, ಅದನ್ನು ನಾನು ಕ್ಷಮಿಸುವುದಿಲ್ಲ. ಆಟಗಾರರನ್ನು ಕೂಡಿಸಿದ ಕ್ರಮ ಮಾತ್ರ ಕಲಿಯುವಂಥದ್ದು.

ಡ್ರಾಫ್ಟ್‌ನ ಮೊದಲ ಆಯ್ಕೆಯ ಆಸೆಗೆ ಬೇಕೆಂದೇ ಸೋಲುವುದಂತೂ ತಪ್ಪು. 2023ರಿಂದ ಡ್ರಾಫ್ಟ್‌ನ ಮೊದಲ ಆರು ಆಯ್ಕೆಗಳು ಲಾಟರಿಯಲ್ಲಿ ತೀರ್ಮಾನವಾಗುತ್ತಿವೆ. ಕೊನೆಯ ಸ್ಥಾನದಲ್ಲಿದ್ದರೆ ಮೊದಲ ಆಯ್ಕೆ ಖಚಿತವೆಂದಿಲ್ಲ. ಸಂಬಳದಲ್ಲಿ ಉಳಿದ ಹಣವನ್ನು ಕೆಳಹಂತದ ತಂಡಗಳ ತರಬೇತುದಾರರಿಗೆ, ಅಲ್ಲಿನ ಹುಡುಗರ ಊಟ ವಸತಿಗೆ ಖರ್ಚು ಮಾಡಿ.